ಅಜ್ಜ ಬೇಕಂತ ಸೋತದ್ದು

ವಿಡಿಯೊ ಕಾಲ್ ಎಂಬ ವಿದ್ಯೆ ನನಗೆ ಸಿದ್ಧಿಸಿ ವರ್ಷವಾದರೂ ಫೋನಿನ ಚೌಕಟ್ಟಿನೊಳಗೆ ನನ್ನ ಮುಖವನ್ನು ಕೂಡಿಸುವುದು ಮಾತ್ರ ಇನ್ನೂ ಸಿದ್ಧಿಸಿಲ್ಲ. ಒಮ್ಮೆ ಬರೀ ಹಣೆ ಕಾಣುತ್ತದೆ, ಇನ್ನೊಮ್ಮೆ ಮೂಗಿನ ಹೊಳ್ಳೆಗಳೆರಡು ಗುಹಾದ್ವಾರಗಳಂತೆ ಕಾಣುತ್ತವೆ, ಹೆಚ್ಚಿನ ಸಲ ನಾನು ಕಾಣುವುದೇ ಇಲ್ಲ. “ಅಜ್ಜ, ಫ್ಯಾನ್ ಕಾಣಾಕತ್ತೈತಿ, ನೀ ಎಲ್ಲಿ ಅದೀ?” ಎಂದು ಮೊಮ್ಮಗಳು ಕೇಳುತ್ತಾಳೆ. ಕೊಟ್ಟೂರಿನ ನಮ್ಮ ಪಡಸಾಲೆಯ ಫ್ಯಾನಿನ ಯಾವ ರೆಕ್ಕೆಗೆ ಎಷ್ಟು ಧೂಳು ಹಿಡಿದಿದೆ ಎಂಬುದನ್ನು ಹಡಗಲಿಯಲ್ಲಿ ಕೂತೇ ಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಅವಳ ಹೆಸರು ಸಿಂಚನಾ. ಒಂಬತ್ತು ತುಂಬಿದೆ. ಅವಳ ತಾಯಿ, ಅಂದರೆ ನನ್ನ ಮಗಳು ಕವಿತಾ, ಆಸ್ಪತ್ರೆಯಲ್ಲಿ ನರ್ಸು. ಕಳೆದ ಜೂನಿನವರೆಗೆ ಅವರ ಮನೆ ನಮ್ಮ ಹಿಂದಿನ ಓಣಿಯಲ್ಲೇ ಇತ್ತು. ಹುಡುಗಿ ಶಾಲೆ ಬಿಟ್ಟವಳೇ ಪಾಟಿಚೀಲವನ್ನು ನಮ್ಮ ಮನೆಯಲ್ಲಿ ಎಸೆದು, ಅಜ್ಜಿಯ ಕೈಯಿಂದ ಮಂಡಕ್ಕಿ ಇಸಿದುಕೊಂಡು, ಆಮೇಲೆ ತನ್ನ ಮನೆಯ ದಾರಿ ಹಿಡಿಯುತ್ತಿದ್ದಳು. ಕವಿತಾಗೆ ಹಡಗಲಿಗೆ ವರ್ಗವಾದ ಮೇಲೆ ಆ ಮಂಡಕ್ಕಿಯ ಹೊತ್ತು ನಮ್ಮ ಮನೆಯಲ್ಲಿ ಬಿಕೋ ಎನ್ನತೊಡಗಿತು. ಅಲ್ಲಿ ಅವಳ ಪಾಡೂ ಅಷ್ಟೇ. ಹೊಸ ಶಾಲೆ, ಹೊಸ ಬೆಂಚು, ಪಕ್ಕದಲ್ಲಿ ಯಾರೂ ಇಲ್ಲ. “ನನ್ನ ಜೋಡಿ ಯಾರೂ ಆಡಂಗಿಲ್ಲ ಅಜ್ಜ” ಎಂದು ಒಂದು ಸಂಜೆ ಫೋನಿನಲ್ಲಿ ಅಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

“ನನ್ನ ಜೋಡಿ ಆಡು” ಅಂದೆ. ಹೀಗೆ ಶುರುವಾಯಿತು ನಮ್ಮ ಚೌಕಾಬಾರಾ.

ಆಟದ ವ್ಯವಸ್ಥೆ ಸರಳವಾಗಿತ್ತು. ಅವಳ ಮನೆಯ ನೆಲದ ಮೇಲೊಂದು, ನಮ್ಮ ಪಡಸಾಲೆಯ ನೆಲದ ಮೇಲೊಂದು ಸೀಮೆಸುಣ್ಣದಲ್ಲಿ ಬರೆದ ಆಟದ ಪಟ. ಎರಡೂ ಕಡೆ ನನ್ನ ಕಾಯಿಗಳೆಂದರೆ ಹುಣಸೆಬೀಜ, ಅವಳ ಕಾಯಿಗಳೆಂದರೆ ಬಳೆಚೂರು. ಅವಳು ಅಲ್ಲಿ ಕವಡೆ ಹಾಕಿ “ಮೂರು” ಎಂದರೆ ನಾನು ಇಲ್ಲಿ ಬಳೆಚೂರನ್ನು ಮೂರು ಮನೆ ಮುಂದೂಡಬೇಕು. ನಾನು “ಎರಡು” ಎಂದರೆ ಅವಳು ಅಲ್ಲಿ ಹುಣಸೆಬೀಜ ನಡೆಸಬೇಕು. ಫೋನು ಡಬ್ಬಿಗೆ ಒರಗಿಕೊಂಡು ನನ್ನ ಕಡೆ ನೋಡುತ್ತಿದ್ದುದರಿಂದ ನನ್ನ ಕವಡೆಗಳು ಅವಳಿಗೆ ಕಾಣುತ್ತಿರಲಿಲ್ಲ. ಬಾಯಿಮಾತೇ ಪ್ರಮಾಣ.

ಮೊದಲ ದಿನ ಅವಳು ಸೋತಳು. “ಇಲ್ಲೂ ಸೋತೆ” ಎಂದು ಸಣ್ಣ ದನಿಯಲ್ಲಿ ಹೇಳಿ ಕವಡೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಆ “ಇಲ್ಲೂ” ಎಂಬ ಮಾತು ನನ್ನ ಎದೆಗೆ ನಾಟಿತು. ಮರುದಿನದಿಂದ ನಾನು ಸೋಲಲು ನಿರ್ಧರಿಸಿದೆ. ಚೌಕ, ಅಂದರೆ ನಾಲ್ಕು, ಬಿದ್ದರೆ “ಎರಡು” ಎನ್ನುವುದು, ಅವಳ ಕಾಯಿ ಹೊಡೆಯುವ ಅವಕಾಶ ಬಂದರೆ “ಅಯ್ಯೋ, ಒಂದೇ!” ಎಂದು ಹಲುಬುವುದು. ಹೆಚ್ಚುಕಡಿಮೆ ಒಂದೂವರೆ ತಿಂಗಳು ನನ್ನ ಒಂದು ಕಾಯಿಯೂ ನಡುಮನೆ ಸೇರಿ ಹಣ್ಣಾಗಲಿಲ್ಲ, ಹಣ್ಣಾದವನು ನಾನೊಬ್ಬನೇ. ಅವಳು ಪ್ರತಿ ಸಂಜೆ ಗೆದ್ದು ಕುಣಿಯುತ್ತಿದ್ದಳು, ನಾನು ನನ್ನ ತ್ಯಾಗವನ್ನು ನೆನೆದು ಒಳಗೊಳಗೇ ಪುಳಕಗೊಳ್ಳುತ್ತಿದ್ದೆ.

ಇದೆಲ್ಲ ಕೆಟ್ಟದ್ದು ನನ್ನ ಹೆಂಡತಿ ಶಾಂತಾಳ ಕಣ್ಣು ಚುರುಕಾಗಿದ್ದುದರಿಂದ. ಕೋಗಳಿಯ ಹುಡುಗಿ ಅವಳು. ಬಾಲ್ಯದಲ್ಲಿ ಬಸದಿಯ ಕಲ್ಲಿನ ಜಗುಲಿಯ ಮೇಲೆ ಮನೆ ಬರೆದು ಓಣಿಯನ್ನೆಲ್ಲ ಸೋಲಿಸಿದವಳೆಂದು ಅವಳ ಅಣ್ಣಂದಿರು ಇಂದಿಗೂ ಹೇಳುತ್ತಾರೆ. ಒಂದು ಸಂಜೆ ಮೊರ ಹಿಡಿದು ನನ್ನ ಪಕ್ಕದಲ್ಲೇ ಹಾದುಹೋಗುತ್ತಿದ್ದವಳು ಬಗ್ಗಿ ನೋಡಿದಳು.

“ಚೌಕ ಬಿದ್ದೈತಲ್ರೀ! ಎರಡು ಅಂತೀರಲ್ಲ, ಕಣ್ಣು ತೋರಿಸ್ಕೊಳ್ರಿ ಒಮ್ಮೆ.”

ಫೋನಿನಲ್ಲಿ ಸಿಂಚನಾ ಕತ್ತು ಚಾಚಿದಳು. “ಅಜ್ಜೀ, ಏನು ಬಿದ್ದೈತಿ?”

“ನಾಕೂ ಬಾಯಿ ಮ್ಯಾಲ ಮಾಡ್ಯಾವ ನಮ್ಮವ್ವಾ. ಚೌಕ.”

“ಅಜ್ಜ, ನೀ ದಿನಾ ಹಿಂಗ ಮಾಡ್ತಿದ್ದೇನು?”

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಆ ಹೊತ್ತಿನಲ್ಲಿ ಒಂದು ಕ್ರಿಯಾಪದವೂ ಸಿಗಲಿಲ್ಲ. ಕೆಮ್ಮಿದೆ. ಕಾಲ್ ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಕವಿತಾ ಫೋನು ಮಾಡಿದಳು. ಅವಳು ಹೇಳಿದ ಮೇಲೆ ತಿಳಿಯಿತು ನಾನು ಮಾಡಿದ ಉಪಕಾರದ ಆಳ. ಹಿಂದಿನ ದಿನ ಆಟದ ಪಿರಿಯಡ್ಡಿನಲ್ಲಿ ಮಳೆ ಬಂದು ಮಕ್ಕಳೆಲ್ಲ ಒಳಗೇ ಕೂತಿದ್ದರಂತೆ. ಯಾರೋ ಚೌಕಾಬಾರಾ ಬರೆದಿದ್ದಾರೆ. ನಮ್ಮ ಸಿಂಚನಾ ಎದ್ದು ನಿಂತು, ನನ್ನ ಸೋಲಿಸೋರು ಯಾರೂ ಇಲ್ಲ ಎಂದು ಸಾರಿದ್ದಾಳೆ. ಕೂತು ಮೂರು ಆಟ ಆಡಿ ಮೂರನ್ನೂ ಸೋತಿದ್ದಾಳೆ. ಇಡೀ ಕ್ಲಾಸು ನಕ್ಕಿದೆ. ಯಾಕೆ ಹೀಗಾಯಿತೆಂದು ಅವಳಿಗೆ ಈ ಸಂಜೆಯ ತನಕ ಅರ್ಥವಾಗಿರಲಿಲ್ಲ.

“ಈಗ ಏನಂತಾಳ ಗೊತ್ತೇನಪ್ಪಾ? ಅಜ್ಜ ನನಗ ಆಟ ಕಲಿಸಲಿಲ್ಲ, ಬರೀ ಗೆಲ್ಲಿಸಿದ ಅಂತಾಳ.”

ಒಂದು ಪುಟ್ಟ ಬಾಯಿ ಅಷ್ಟು ದೊಡ್ಡ ತೀರ್ಪನ್ನು ಅಷ್ಟು ಚಿಕ್ಕ ವಾಕ್ಯದಲ್ಲಿ ಕೊಡಬಲ್ಲದೆಂದು ನಾನು ಎಣಿಸಿರಲಿಲ್ಲ.

ಮೂರು ದಿನ ಅವಳು ನನ್ನ ಫೋನು ಎತ್ತಲಿಲ್ಲ. ಲೋಪ, ಆಗಮ, ಆದೇಶ ಎಂದು ತಲೆಮಾರುಗಳಿಗೆ ಸಂಧಿ ಕಲಿಸಿದವನಿಗೆ ಸ್ವಂತ ಮೊಮ್ಮಗಳೊಡನೆ ಒಂದು ಸಂಧಿ ಮಾಡಿಕೊಳ್ಳುವುದು ಹೇಗೆಂದು ತಿಳಿಯದೆ ಹೋಯಿತು. ಕೊನೆಗೆ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆಂದು ನೆನಪಾಗಿ, ಗಂಟಲು ಸರಿಪಡಿಸಿಕೊಂಡು “ನನ್ನ ಪ್ರಮಾದವನ್ನು ಮನ್ನಿಸು” ಎಂದು ಗಂಭೀರವಾಗಿ ನುಡಿದು ಕಳಿಸಿದೆ. ಫೋನು ತನಗೆ ತಿಳಿದಂತೆ “ನನ್ನ ಪ್ರಸಾದವನ್ನು ತಿನ್ನಿಸು” ಎಂದು ಬರೆದಿತ್ತು. ತುಸು ಹೊತ್ತಿನಲ್ಲೇ ಉತ್ತರ ಬಂತು: “ಯಾವ ಪ್ರಸಾದ? ಯಾರಿಗೆ?” ಅದರ ಹಿಂದೆಯೇ ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳ ಒಂದು ಸಾಲು. ನನ್ನ ವ್ಯಾಕರಣ ಸೋತ ಕಡೆ ಯಂತ್ರದ ಅಜ್ಞಾನ ಗೆದ್ದಿತು.

ಮರುದಿನ ಅವಳೇ ಕಾಲ್ ಮಾಡಿದಳು. ಆದರೆ ನನಗಲ್ಲ.

“ನಾ ಅಜ್ಜಿ ಜೋಡಿ ಆಡ್ತೀನಿ. ಅಜ್ಜ ಫೋನ್ ಹಿಡ್ಕೊಂಡು ಕುಂದರ್ಲಿ. ಕವಡಿ ಕಾಣಂಗ ಹಿಡೀಬೇಕು.”

ಶಾಂತಾ ಅಲ್ಲಿಯ ತನಕ ಫೋನನ್ನು ಮುಟ್ಟಿದವಳೇ ಅಲ್ಲ. “ಆ ಹಲಿಗಿ ಜೋಡಿ ಮಾತಾಡಾಕ ನನಗ ನಾಚಿಕಿ ಬರತೈತಿ” ಎನ್ನುತ್ತಿದ್ದಳು. ಕವಡೆ ಎಂದೊಡನೆ ಸೆರಗು ಸಿಕ್ಕಿಸಿ ಕೂತಳು. ನಾನು ಎರಡೂ ಕೈಯಲ್ಲಿ ಫೋನು ಹಿಡಿದ ಕಂಬವಾದೆ.

ಅವಳ ಆಟದಲ್ಲಿ ದಯೆಯೆಂಬುದು ಎಳ್ಳಷ್ಟೂ ಇರಲಿಲ್ಲ. ಹುಡುಗಿಯ ಬಳೆಚೂರು ಹಣ್ಣಾಗಲು ಇನ್ನು ಐದಾರು ಮನೆ ಇದೆ ಎನ್ನುವಾಗ ಹೊಡೆದು ಮತ್ತೆ ಮೊದಲ ಮನೆಗೆ ಅಟ್ಟಿದಳು. “ಅಜ್ಜೀ!” ಎಂದು ಆ ಕಡೆಯಿಂದ ಚೀತ್ಕಾರ.

“ಸಣ್ಣ ಹುಡುಗಿ, ಬಿಡು” ಎಂದು ನಾನು ಪಿಸುಗುಟ್ಟಿದೆ.

“ನೀವು ಫೋನ್ ನೆಟ್ಟಗ ಹಿಡೀರಿ” ಎಂದವಳು ಮೊಮ್ಮಗಳ ಕಡೆ ತಿರುಗಿದಳು. “ಯಾಕ ಸತ್ತಿತು ಹೇಳು ನಿನ್ನ ಕಾಯಿ? ಕಟ್ಟಿ ಮನ್ಯಾಗ ಕುಂತಾಗ ಯಾರೂ ಹೊಡಿಯಂಗಿರಲಿಲ್ಲ. ಬಿಟ್ಟು ಯಾಕ ಹೊಂಟಿ? ನನ್ನ ಕಾಯಿ ನಿನ್ನ ಹಿಂದ ಎಷ್ಟು ಮನಿ ದೂರ ಐತಿ ಅಂತ ಎಣಿಸಿದೇನು?”

“ಇಲ್ಲ.”

“ಎಣಿಸು. ಎಣಿಸಿ ನಡಿ.”

ಇಷ್ಟು ಒಳ್ಳೆಯ ಪಾಠ ನನ್ನ ಮನೆಯಲ್ಲೇ, ಇಷ್ಟು ವರ್ಷ, ಮೊರ ಹಿಡಿದು ಓಡಾಡುತ್ತಿತ್ತು.

ಸಿಂಚನಾ ಹತ್ತು ಹನ್ನೆರಡು ಸಂಜೆ ಬಿಡದೆ ಸೋತಳು. ಆದರೆ ಈಗ ಸೋತ ಮೇಲೂ ಫೋನು ಇಡುತ್ತಿರಲಿಲ್ಲ. ಎಲ್ಲಿ ತಪ್ಪಿದೆ, ಯಾವ ಕಾಯಿ ನಡೆಸಬೇಕಿತ್ತು ಎಂದು ಅಜ್ಜಿಯೊಡನೆ ವಾದಕ್ಕೆ ಕೂರುತ್ತಿದ್ದಳು. ಒಂದು ಸಂಜೆ ಮೊದಲ ಬಾರಿಗೆ ಗೆದ್ದಳು. ಕುಣಿಯಲಿಲ್ಲ. ನೆಲದ ಮೇಲಿನ ಪಟವನ್ನೇ ಸ್ವಲ್ಪ ಹೊತ್ತು ನೋಡಿ, “ಗೆದ್ದೆ ಅಲ್ಲ?” ಎಂದು ಮೆಲ್ಲಗೆ ಕೇಳಿದಳು. “ಗೆದ್ದಿ” ಎಂದು ಅಜ್ಜಿ ಅಷ್ಟೇ ಮೆಲ್ಲಗೆ ಹೇಳಿದಳು. ಫೋನಿನೊಳಗೆ ಮೊಮ್ಮಗಳ ಮುಖ ಅರಳಿದ್ದನ್ನು ನಾನು ಕೈಯಲ್ಲಿ ಹಿಡಿದೇ ನೋಡಿದೆ. ನನ್ನಿಂದ ಗೆದ್ದ ಅಷ್ಟೂ ಸಂಜೆಗಳಲ್ಲಿ ಆ ಮುಖ ನನಗೆ ಒಮ್ಮೆಯೂ ಕಂಡಿರಲಿಲ್ಲ.

ಅದಾಗಿ ವಾರದೊಳಗೆ ಫೋನಿನಲ್ಲಿ ಎರಡು ಜಡೆಯ ಇನ್ನೊಬ್ಬ ಹುಡುಗಿ ಇಣುಕಿದಳು. “ಇಕಿ ಆಯೇಷಾ. ಅವತ್ತು ಸಾಲ್ಯಾಗ ಮೂರೂ ಆಟ ನನ್ನ ಸೋಲಿಸಿದಾಕಿ ಇಕಿನೇ” ಎಂದು ಸಿಂಚನಾ ಪದಕ ತೋರಿಸುವಂತೆ ಪರಿಚಯಿಸಿದಳು. “ಈಗ ನನ್ನ ಬಾಜೂಕೇ ಕುಂದರತಾಳ.”

ಕಳೆದ ಶನಿವಾರ ನನಗೂ ಕ್ಷಮಾದಾನ ಸಿಕ್ಕಿತು. “ಇವತ್ತು ಅಜ್ಜ ಆಡಲಿ. ಅಜ್ಜಿ, ನೀ ಫೋನ್ ಹಿಡಿ” ಎಂದು ಅಪ್ಪಣೆಯಾಯಿತು. ಶಾಂತಾ ಫೋನನ್ನು ಕವಡೆಗಳ ಮೇಲೆ ದೀಪದಂತೆ ಹಿಡಿದಳು. ನಾನು ಕನ್ನಡಕ ಒರೆಸಿಕೊಂಡು, ಪ್ರತಿ ಮನೆಯನ್ನೂ ಬೆರಳಿಟ್ಟು ಎಣಿಸಿ, ಬೆವರು ಹರಿಸಿ, ಎರಡು ಸಲ ನಿರ್ದಯವಾಗಿ ಅವಳ ಕಾಯಿ ಹೊಡೆದು ಆಡಿದೆ. ಆದರೂ ಸೋತೆ. ಅವಳ ನಾಲ್ಕೂ ಹಣ್ಣಾದಾಗ ನನ್ನದು ಒಂದೇ.

ಸಿಂಚನಾ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಂದಳು.

“ಅಜ್ಜ, ಖರೇ ಹೇಳು. ಬೇಕಂತ ಸೋತೀ ಏನು?”

ನಾನು ಬಾಯಿ ತೆರೆಯುವುದರೊಳಗೆ ಶಾಂತಾ ಸಾಕ್ಷಿ ನುಡಿದಳು: “ಇಲ್ಲ ನಮ್ಮವ್ವಾ, ನಾನೇ ನೋಡೀನಿ. ಖರೇನೇ ಸೋತಾರ. ಇವರಿಗೆ ಆಡಾಕ ಬರಂಗಿಲ್ಲ.”

ಹಡಗಲಿಯಲ್ಲಿ ಸಿಂಚನಾ, ಪಕ್ಕದಲ್ಲಿ ಕೂತಿದ್ದ ಆಯೇಷಾ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಕವಡೆಗಳನ್ನು ಬಾಚಿಕೊಂಡು, “ಇನ್ನೊಂದು ಆಟ” ಅಂದೆ.