ಉಸಿರುಕಿಂಡಿ

ಎನೋಕ್ ಕಲ್ಲೆದೆಯ ಮನುಷ್ಯ. ಹೀಗೆ ಹೇಳಲು ಅವನ ಅಕ್ಕನ ಮಗಳು ಇವಾಲುಗೆ ಯಾವ ಸಂಕೋಚವೂ ಇರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಸಮುದ್ರ ಸರಿಯಾಗಿ ಹೆಪ್ಪುಗಟ್ಟದೆ ಬೇಟೆ ಕೈಕೊಟ್ಟಿತ್ತು. ಆಗ ಅವನು ತನ್ನ ಹದಿಮೂರು ಬಂಡಿನಾಯಿಗಳಲ್ಲಿ ಆರನ್ನು ಒಂದೇ ಬೆಳಿಗ್ಗೆ ಗುಂಡಿಟ್ಟು ಕೊಂದು, ಮನೆಗೆ ಬಂದು, ಕಾಫಿ ಕೇಳಿ ಕುಡಿದಿದ್ದ.

ಅವಳಿಗೆ ಹತ್ತು ವರ್ಷವಾಗಿದ್ದಾಗಿನ ಒಂದು ದಿನವನ್ನೂ ಅವಳು ಮರೆತಿರಲಿಲ್ಲ. ಮಾವನ ಜಾರುಬಂಡಿಯಲ್ಲಿ ಕೂತು ಹೋಗುವಾಗ ದೂರದಲ್ಲಿ ಪಾವಿಯಾ ಎಂಬವನು, ಸೀಲ್ ಎಂಬ ಕಡಲಪ್ರಾಣಿ ಮಂಜುಗಡ್ಡೆಯಲ್ಲಿ ಕೊರೆದ ಉಸಿರುಕಿಂಡಿಯ ಬಳಿ ಬಂದೂಕು ಹಿಡಿದು ಕೂತಿದ್ದ. ಸೀಲ್ ಉಸಿರಿಗಾಗಿ ಮೇಲೆ ಬರುವವರೆಗೆ ಹಾಗೆ ಗಂಟೆಗಟ್ಟಲೆ ಅಲುಗದೆ, ಸದ್ದಿಲ್ಲದೆ ಕಾಯಬೇಕು. ಹುಡುಗಿ ಅವನ ಹೆಸರು ಹಿಡಿದು ಕೂಗಿದಳು. ಎನೋಕ್ ಅವಳನ್ನು ಅಲ್ಲೇ ಇಳಿಸಿ, "ನಡ್ಕೊಂಡು ಬಾ" ಎಂದು ಹೊರಟುಹೋದ. ಮನೆ ಮುಟ್ಟಲು ಮೂರು ಗಂಟೆ ಹಿಡಿಯಿತು. ಪಾವಿಯಾಗೂ ಎನೋಕನಿಗೂ ಮಾತು ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು.

ಈಗ ಎನೋಕ್, ಇವಾಲು ಇಬ್ಬರೂ ಒಂದೇ ಹಡಗಿನಲ್ಲಿದ್ದರು. ಗ್ರೀನ್‌ಲ್ಯಾಂಡಿನ ಪೂರ್ವ ತೀರದಲ್ಲಿ, ತೇಲುವ ಮಂಜುಗಡ್ಡೆಗಳ ನಡುವೆ ಪ್ರವಾಸಿಗಳಿಗೆ ಪ್ರಾಣಿಗಳನ್ನು ತೋರಿಸುವ ಹಡಗು. ಇವಾಲು ದುಭಾಷಿ. ಎನೋಕನದು ದುರ್ಬೀನು ಹಿಡಿದು ಕರಡಿ ಹುಡುಕುವ ಕೆಲಸ. ಅದನ್ನು ಕೊಡಿಸಿದವಳೂ ಅವಳೇ. ಇನ್ನು ಪ್ರತಿ ಬೇಸಿಗೆಯ ಈ ಸಂಬಳದಿಂದಲೇ ಉಳಿದ ಏಳು ನಾಯಿಗಳು ಚಳಿಗಾಲ ದಾಟಬೇಕಿತ್ತು.

"ಕರಡಿ ಕಂಡ್ರೆ ಅವರಿಗೆ ಏನನ್ಸುತ್ತೆ ಕೇಳಮ್ಮ" ಎಂದಳು ಪ್ರವಾಸಿ ಮುದುಕಿಯೊಬ್ಬಳು.

"ಹಸಿವಾಗುತ್ತೆ ಅನ್ನು" ಎಂದ ಎನೋಕ್.

"ತುಂಬ ಖುಷಿಯಾಗುತ್ತಂತೆ" ಎಂದಳು ಇವಾಲು.

ಒಂಬತ್ತು ದಿನವಾದರೂ ಒಂದು ಕರಡಿಯೂ ಕಂಡಿರಲಿಲ್ಲ. ಹತ್ತನೆಯ ದಿನ ಕಪ್ತಾನ ಥೋರಲ್ಫ್ ಇವಾಲುವನ್ನು ಚುಕ್ಕಾಣಿ ಕೋಣೆಗೆ ಕರೆಸಿದ. ಎನೋಕ್ ಕಿಟಕಿಗೆ ಅಂಟಿಕೊಂಡು ನಿಂತಿದ್ದ.

"ನಾಲ್ಕು ಗಂಟೆಗೆ ಹಡಗು ಹಿಂದಕ್ಕೆ ತಿರುಗಿಸ್ತೀನಿ. ಅಷ್ಟರೊಳಗೆ ಕರಡಿ ಸಿಗ್ಲಿಲ್ಲ ಅಂದ್ರೆ ಮುಂದಿನ ಬೇಸಿಗೆಗೆ ಬೇರೆಯವರನ್ನ ನೋಡ್ಕೋತೀನಿ. ನಿಮ್ಮ ಮಾವನಿಗೆ ಹೇಳಿ."

ಈ ಸಲ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹಾಗಾದ್ರೆ ಇನ್ನೇಳು ಗುಂಡು ಕೊಂಡ್ಕೋಬೇಕು" ಎಂದ ಎನೋಕ್.

"ಮಾವ, ಅಪಶಕುನ ನುಡೀಬೇಡ."

"ನಿನ್ನ ಶಕುನ ನಾಯಿ ತಿನ್ನುತ್ತಾ?"

ಮೂರೂವರೆಯಾಯಿತು. ಪ್ರವಾಸಿಗಳು ಚಳಿ ತಾಳಲಾರದೆ ಕೆಳಗೆ ಕೇಕು ತಿನ್ನಲು ಹೋಗಿದ್ದರು. ಎಡದಿಂದ ಬಲಕ್ಕೆ ಸಾಗುತ್ತಿದ್ದ ಎನೋಕನ ದುರ್ಬೀನು ಒಂದೆಡೆ ನಿಂತಿತು. ನಿಂತದ್ದು ಮುಂದೆ ಸರಿಯಲಿಲ್ಲ. ಇವಾಲು ತನ್ನ ದುರ್ಬೀನನ್ನೂ ಅತ್ತ ತಿರುಗಿಸಿದಳು.

ಬರಿಗಣ್ಣಿಗೆ ನಿಲುಕದಷ್ಟು ದೂರದ ಗಡ್ಡೆಯ ಮೇಲೆ ಹಳದಿ ಬಣ್ಣದ ಹೆಣ್ಣು ಕರಡಿಯೊಂದು ಹೊಟ್ಟೆಯ ಮೇಲೆ ಮಲಗಿತ್ತು. ಮೂಗು ಕಿಂಡಿಯ ಅಂಚಿನಲ್ಲಿತ್ತು. ಸೊಂಟದ ಮೂಳೆ ಗೂಟದಂತೆ ಎದ್ದಿತ್ತು. ಸ್ವಲ್ಪ ಹಿಂದೆ ಎರಡು ಮರಿಗಳು, ತಾಯಿಯ ಹಾಗೆಯೇ ಅಲುಗಾಡದೆ ಬಿದ್ದಿದ್ದವು. ಹಡಗು ಹತ್ತಿರ ಹೋದರೆ ಎಂಜಿನ್ನಿನ ನಡುಕ ನೀರಿಗೆ ಇಳಿಯುತ್ತದೆ. ಆಮೇಲೆ ಸೀಲ್ ಆ ಕಿಂಡಿಗೆ ಬರುವುದಿಲ್ಲ. ಇದು ಅವರ ಊರಿನ ಮಕ್ಕಳಿಗೂ ಗೊತ್ತು.

"ಏನಾದ್ರೂ ಕಾಣ್ತಾ ಕೇಳಿ" ಎಂದ ಕಪ್ತಾನ.

"ಮಾವ, ಹೇಳ್ಬಿಡ್ಲಾ?" ಎಂದಳು ಇವಾಲು.

ಎನೋಕ್ ಕಪ್ತಾನನತ್ತ ಮುಖ ತಿರುಗಿಸಿ ಮೂಗು ಸುಕ್ಕಿಸಿದ. ಅವರ ಜನ ಇಲ್ಲ ಎನ್ನುವುದು ಹಾಗೆ. ಕಪ್ತಾನನಿಗೆ ಅಷ್ಟು ತಿಳಿಯುತ್ತಿತ್ತು. ಅವನು ಗಡಿಯಾರ ನೋಡಿ ಚುಕ್ಕಾಣಿಯವನಿಗೆ ಸನ್ನೆ ಮಾಡಿದ.

"ಮಾವ, ನಾಯಿಗಳು?"

"ಅದು ಕಿಂಡಿ ಹತ್ರ ಕಾಯ್ತಾ ಕೂತಿದೆ. ಕಣ್ಣು ಕಾಣ್ಸಲ್ವಾ ನಿಂಗೆ?"

ಎನೋಕ್ ದುರ್ಬೀನನ್ನು ಒರೆಸಿ ಚೀಲಕ್ಕೆ ಹಾಕಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ:

"ಮೆಲ್ಲಗೆ ತಿರುಗಿಸ್ಲಿ ಅನ್ನು. ಇಲ್ಲಿ ಗಡ್ಡೆ ಗಟ್ಟಿ, ಹಡಗಿಗೆ ಏಟಾಗುತ್ತೆ ಅನ್ನು."

ಸುತ್ತಲಿದ್ದದ್ದು ಬರೀ ಪುಡಿಗಡ್ಡೆ. ಇವಾಲು ಕಪ್ತಾನನ ಕಡೆ ತಿರುಗಿ, ಮಾವ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು.