ಅಜ್ಜಿ ಎಸೆದ ಬೀಗದ ಕೈ

ಹಾಸ್ಟೆಲಿನಲ್ಲಿ ಇಂಗ್ಲಿಷ್ ಓದಿ ಬೆಳೆದವಳು ನಾನು; ಕನ್ನಡದಲ್ಲಿ ಬರೆಯುವ ಧೈರ್ಯ ಮಾಡಿದ್ದಕ್ಕೆ ಕ್ಷಮಿಸಿ. ಇಂದು ಕಾರಿನ ಮೇಲೆ ಆಲಿಕಲ್ಲು ಬಿದ್ದ ಸದ್ದಿಗೆ, ಎಪ್ಪತ್ತರ ದಶಕದ ಬಾಪೂಜಿ ನಗರದ ನಮ್ಮ ಶೀಟಿನ ಮನೆ ನೆನಪಾಯಿತು.

ರಜೆಗೆ ಬಂದಿದ್ದೆ. ಅಮ್ಮ ಸೀಮೆಎಣ್ಣೆ ತರಲು ಹೋಗಿದ್ದಳು. ಬಿರುಗಾಳಿಗೆ ಚಿಲಕ ಕಿತ್ತುಬಂದಾಗ ಅಜ್ಜಿ ಬಾಗಿಲಿಗೆ ಒಳಗಿನಿಂದಲೇ ಸರಪಳಿ ಬಿಗಿದು ಬೀಗ ಹಾಕಿದರು. ಸಿಡಿಲು ಬಡಿಯದಿರಲೆಂದು ಅಂಗಳಕ್ಕೆ ಕಬ್ಬಿಣ ಎಸೆಯುವುದು ಅವರ ರೂಢಿ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಕಿಟಕಿಯಿಂದ ಎಸೆದರು.

“ಅಜ್ಜಿ, ಅದು ಬೀಗದ ಕೈ!”

“ಅದೂ ಕಬ್ಬಿಣಾನೇ ಕಣೇ, ಸುಮ್ನಿರು.”

ಮೋರಿ ನೀರು ಹೊಸ್ತಿಲು ದಾಟಿ ಮಂಚದ ಕಾಲು ಮುಳುಗಿಸಿತು. ತಲೆಯ ಮೇಲೆ ಶೀಟು ಎದ್ದೆದ್ದು ಬೀಳುತ್ತಿತ್ತು. ಕಿಟಕಿಯ ಸರಳು ಹಿಡಿದು ಕಿರುಚಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಅಮ್ಮ ಬಂದಳು. ಕೆಸರುನೀರಲ್ಲಿ ಮಂಡಿಯೂರಿ ತಡಕಾಡಿ, ಬೀಗದ ಕೈ ಹುಡುಕಿ ಕಿಟಕಿಯಲ್ಲಿ ಕೊಟ್ಟಳು. ಬಾಗಿಲು ತೆರೆದಾಗ ತೊಯ್ದು ತೊಪ್ಪೆಯಾಗಿ ನಿಂತು, “ನಿಮ್ ಕಬ್ಬಿಣ ಕೆಲಸ ಮಾಡ್ತು ಅತ್ತೆ. ಸಿಡಿಲು ಬರ್ಲಿಲ್ಲ, ಮೋರಿ ಬಂತು,” ಎಂದಳು.

ಹೊರಗೆ ಈಗಲೂ ಗುಡುಗುತ್ತಿದೆ. ಅಮ್ಮ ಎದ್ದು ಕಬ್ಬಿಣ ಹುಡುಕಲು ಅಡುಗೆಮನೆಗೆ ಹೋಗಿದ್ದಾಳೆ. ಎಸೆಯಬೇಕಾದದ್ದು ಮಚ್ಚೋ, ಈಳಿಗೆಮಣೆಯೋ? ಬಲ್ಲವರು ದಯವಿಟ್ಟು ಬೇಗ ಉತ್ತರಿಸಿ.