ಒಂದು ದಿನಕ್ಕೆ ಒಂದು ದಿನದ ದಾರಿ

ಕಂಡಕ್ಟರ್ ಚಾಚಾನ ಮೊಣಕಾಲಿನ ಕೆಳಗೆ ನೀಲಿ ನರಗಳು ಹೊಸೆದ ಹಗ್ಗದ ಹಾಗೆ ಉಬ್ಬಿ, ಒಂದರ ಮೇಲೊಂದು ಸುತ್ತಿಕೊಂಡು, ಪಾದದವರೆಗೆ ಇಳಿದಿದ್ದವು. ಓಡುವ ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆದಿದ್ದರ ಗಳಿಕೆ ಅದು. ಇಳಕಲ್ಲಿನ ನಮ್ಮ ಓಣಿಯ ಕಟ್ಟೆಯ ಮೇಲೆ ಲುಂಗಿ ಏರಿಸಿ, ಎರಡೂ ಕಾಲನ್ನು ಎದುರಿನ ಸ್ಟೂಲಿಗೆ ಕೊಟ್ಟು ಕೂತು ಅವರು ಓದುತ್ತಿದ್ದುದು ಮಾತ್ರ ನಡೆಯುವವರ ಪುಸ್ತಕಗಳನ್ನು. ಬೆನ್ನಿಗೆ ಚೀಲ ಹಾಕಿಕೊಂಡು ತಿಂಗಳುಗಟ್ಟಲೆ ಬೆಟ್ಟ, ಕಾಡು, ಮರಳುಗಾಡು ದಾಟಿದವರು ಬರೆದ ಅನುಭವಗಳು. ಬೇರೆ ಪುಸ್ತಕ ಕೊಟ್ಟರೆ ಮುಟ್ಟುತ್ತಿರಲಿಲ್ಲ.

ಓಣಿಯವರಿಗೆ ಇದೊಂದು ಮೋಜಾಗಿತ್ತು. ಬೀದಿಯ ಕೊನೆಯವರೆಗೆ ಹೋಗಲಾರದ ಮನುಷ್ಯ, ಪಾಪ, ಓದಿ ಸಮಾಧಾನ ಮಾಡಿಕೊಳ್ಳುತ್ತಾನೆ ಎಂದು ಕನಿಕರ ಬೇರೆ. ಎದುರಿನ ಕಿರಾಣಿ ಅಂಗಡಿಯವರು ಒಮ್ಮೆ ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟರು. ಚಾಚಾ ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಕಾಲು ಗಟ್ಟಿ ಇದ್ದಾಗೂ ನಾ ನಡದಾವಲ್ಲರಿ. ಸಂತಿಗೂ ಸೈಕಲ್ ಮ್ಯಾಲ ಹೋಗಾವ. ಓದೂದು ನನ್ನ ಖುಷಿ. ನಿಮ್ಮ ಸಮಾಧಾನ ನಿಮ್ಮ ಅಂಗಡ್ಯಾಗ ಇಟಗೋರಿ."

ಅಂಗಡಿಯವರೂ ಬಿಡುವ ಪೈಕಿ ಅಲ್ಲ. ಪ್ರತಿ ವರ್ಷ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿಬರುವವರು ಅವರು. "ನಾವು ಮಲ್ಲಯ್ಯನ ಸಲುವಾಗಿ ನಡೀತೇವಿ, ಪುಣ್ಯ ಬರ್ತೈತಿ. ನಿಮ್ಮ ಪುಸ್ತಕದ ಮಂದಿಗೆ ಏನ್ ಸಿಗತೈತಿ ಚಾಚಾ?"

"ಏನೂ ಸಿಗಂಗಿಲ್ಲ. ಸಿಗಂಗಿಲ್ಲಂತ ಗೊತ್ತಿದ್ದೂ ಮರುದಿನ ಎದ್ದು ಬೂಟು ಕಟ್ಟತಾರಲ್ಲ, ಅದಕ್ಕ ಓದ್ತೇನಿ."

ನಾನು ಚಾಚಾನನ್ನು ಮೊದಲು ನೋಡಿದ್ದು ಬಸ್ಸಿನಲ್ಲೇ. ಆಗ ಹುನಗುಂದದಿಂದ ಇಳಕಲ್ಲಿಗೆ ಕಾಲೇಜಿಗೆ ಬರುತ್ತಿದ್ದೆ. ತುಂಬಿ ತುಳುಕುವ ಬಸ್ಸು, ದಾರಿಯಲ್ಲಿ ಒಂದು ಕ್ರಾಸು, ಅಲ್ಲಿ ಬುಟ್ಟಿ ಇಟ್ಟುಕೊಂಡು ಕೈ ಮಾಡುವ ಒಬ್ಬ ಅಜ್ಜಿ. ಡ್ರೈವರ್ ನಿಲ್ಲಿಸದೆ ಎಳೆಯುತ್ತಿದ್ದ. ಇವರು ಗಂಟೆಯ ಹಗ್ಗ ಜಗ್ಗಿ ಹಿಡಿದವರು ಬಸ್ಸು ನಿಲ್ಲುವವರೆಗೆ ಬಿಡಲಿಲ್ಲ. ನಾನೂ ಸೇರಿ ಎಲ್ಲರೂ ತಡವಾಯಿತೆಂದು ಕೂಗಾಡಿದೆವು. ಅಜ್ಜಿಯನ್ನು ಹತ್ತಿಸಿಕೊಂಡು ಅವರು ನಮ್ಮತ್ತ ತಿರುಗಿ, "ಸ್ಟಾಪ್ ಐತಿ, ನಿಂತೇನಿ. ಅವಸರ ಇದ್ದವರು ಇಳದು ಓಡ್ರಿ" ಎಂದರು. ಯಾರೂ ಇಳಿಯಲಿಲ್ಲ.

ಮುಂದೆ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ, ಮದುವೆಯಾಗಿ, ಅವರ ಪಕ್ಕದ ಮನೆಗೇ ಬಂದೆ. ಕನ್ನಡದಲ್ಲಿ ಸಿಕ್ಕ ನಡಿಗೆಯ ಪುಸ್ತಕಗಳೆಲ್ಲ ಅವರಿಗೆ ಮುಗಿದಿದ್ದವು. ಇಂಗ್ಲಿಷಿನವಕ್ಕೆ ನಾನು ಬೇಕಾದೆ. ಸಂಜೆ ಶಾಲೆಯಿಂದ ಬಂದು, ಅವರ ಕಟ್ಟೆಯ ಮೇಲೆ ಕೂತು, ಓದಿಕೊಳ್ಳುತ್ತ ಕನ್ನಡದಲ್ಲಿ ಹೇಳುವುದು. ಅವರ ಕಟ್ಟಳೆ ತಿಳಿದದ್ದು ಆಗ. ಪುಸ್ತಕದವರು ಒಂದು ದಿನ ಎಷ್ಟು ನಡೆದರೋ ಅಷ್ಟೇ ಓದಬೇಕು. ಅವರು ಗುಡಾರ ಹಾಕಿದರೆ ನಾವು ಪುಸ್ತಕ ಮುಚ್ಚಬೇಕು. ಒಬ್ಬನಿಗೆ ಕಾಲು ಉಳುಕಿ ಯಾವುದೋ ಹಳ್ಳಿಯಲ್ಲಿ ಒಂದು ವಾರ ಮಲಗಿದ. ನಾವೂ ಒಂದು ವಾರ ಪುಸ್ತಕ ತೆರೆಯಲಿಲ್ಲ. ನಾನೋ, ಯಾವ ಕಾದಂಬರಿ ಸಿಕ್ಕರೂ ಕೊನೆಯ ಪುಟ ಮೊದಲು ಓದುವವಳು. ನನಗೆ ತಲೆ ಕೆಟ್ಟುಹೋಗುತ್ತಿತ್ತು.

"ಮುಂದ ಓದಿ ನೋಡಿದಿ ಅಂದ್ರ ನಮ್ಮನಿ ಚಹಾ ಬಂದ್" ಎಂದು ಹೆದರಿಸುತ್ತಿದ್ದರು. ಒಮ್ಮೆ ಯಾಕಿಷ್ಟು ಹಟ ಎಂದು ಕೇಳಿದ್ದಕ್ಕೆ ಹೇಳಿದರು, "ನನ್ನ ಬಸ್ಸು ಹತ್ತಿದವರೆಲ್ಲ ಎಷ್ಟೊತ್ತಿಗೆ ಮುಟ್ಟತೇವಿ ಅಂತ ಕೇಳಿದರು ಬೇಟಿ. ಈಗ ಎಲ್ಲಿ ಅದೇವಿ ಅಂತ ಒಬ್ಬರೂ ಕೇಳಲಿಲ್ಲ."

ನಿಜ ಹೇಳಬೇಕೆಂದರೆ ಈ ಪುಸ್ತಕಗಳಲ್ಲಿ ಏನೂ ಆಗುವುದಿಲ್ಲ. ಕಾಲ್ಚೀಲ ಒದ್ದೆಯಾಗುತ್ತದೆ, ಒಣಗುತ್ತದೆ. ದಾರಿ ತಪ್ಪುತ್ತದೆ. ಗುರುತಿಲ್ಲದ ಯಾರೋ ಅರ್ಧ ಸೇಬು ಕೊಡುತ್ತಾರೆ, ಅದರ ರುಚಿಯ ಬಗ್ಗೆ ಒಂದು ಪುಟ. ಆದರೆ ದಿನಕ್ಕೆ ಅಷ್ಟಷ್ಟೇ ಓದಿದಾಗ ಆ ಅರ್ಧ ಸೇಬು ನನ್ನ ಬಾಯಲ್ಲಿ ಮರುದಿನ ಪಾಠ ಮಾಡುವಾಗಲೂ ಇರುತ್ತಿತ್ತು. ಚಾಚಾನ ಹೆಂಡತಿ, ನಮ್ಮ ಚಾಚಿ, ಅಡುಗೆಮನೆಯಿಂದಲೇ ಚೇಷ್ಟೆ ಮಾಡುತ್ತಿದ್ದರು: "ಇವತ್ತೂ ಒದ್ದಿ ಆತೇನವಾ ಕಾಲ್ಚೀಲ?"

ಹೋದ ವರ್ಷ ಬೇಸಿಗೆಯಲ್ಲಿ ಹೊಸ ಪುಸ್ತಕ ಹಿಡಿದೆವು. ಪರದೇಶದ ಒಬ್ಬ ಮುದುಕಿ ಬೆಟ್ಟಗಳ ಸಾಲು ಹಿಡಿದು, ದೇಶದ ಒಂದು ತುದಿಯಿಂದ ಇನ್ನೊಂದು ತುದಿಯ ಸಮುದ್ರದವರೆಗೆ ಒಬ್ಬಳೇ ನಡೆದದ್ದು. ಅದು ಶುರುವಾಗಿ ಸ್ವಲ್ಪ ದಿನಕ್ಕೇ ಚಾಚಾನ ಕೆಮ್ಮು ಜೋರಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಪುಪ್ಪುಸದಲ್ಲಿ ಗಡ್ಡೆ ಇದೆ ಎಂದರು. ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಪುಸ್ತಕದ ಬೆನ್ನುಪುಟದಲ್ಲಿದ್ದ ದಿನಗಳ ಲೆಕ್ಕ ಹಿಡಿದರೆ, ಮುದುಕಿ ಸಮುದ್ರ ಮುಟ್ಟುವುದು ಚಳಿಗಾಲಕ್ಕೆ.

ನನಗೆ ತಡೆಯಲಾಗಲಿಲ್ಲ. ದಿನಕ್ಕೆ ಎರಡು ದಿನದ್ದು ಓದೋಣ ಎಂದೆ. ಬೇಡ ಎಂದರು. ಕೊನೆಯ ಅಧ್ಯಾಯವನ್ನಾದರೂ ಹೇಳಿಬಿಡುತ್ತೇನೆ, ಸಮುದ್ರ ನೋಡಿಬಿಡಿ ಎಂದು ಅಂಗಲಾಚಿದೆ. ಮಂಚದ ಮೇಲೆ ಎದ್ದು ಕೂತರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ನನ್ನ ಸಾವು ಅಡ್ಡ ಬಂತಂತ ಆಕೀನ್ನ ಓಡಸ್ತೀಯೇನು? ಆಕಿ ಕಾಲಾಗ ಬೊಬ್ಬಿ ಅದಾವ! ಆಕಿ ನಡದಷ್ಟ ನಡೀಲಿ. ನಾ ಎಲ್ಲಿ ಇಳೀತೇನೋ ಅದು ನನ್ನ ಸ್ಟಾಪು. ಅದನ್ನ ಡಾಕ್ಟರು ಹೇಳೂದು ಬ್ಯಾಡ, ನೀನೂ ಹೇಳೂದು ಬ್ಯಾಡ."

ನಾನು ಅಳುತ್ತಲೇ ಆ ದಿನದ್ದನ್ನು ಓದಿದೆ. ಆಮೇಲೆ ಮತ್ತೆಂದೂ ಅವಸರ ಮಾಡಲಿಲ್ಲ. ಉಸಿರಿಗೆ ನಳಿಕೆ ಹಾಕಿದ ಮೇಲೂ ಓದು ತಪ್ಪಲಿಲ್ಲ. ಮಳೆ ಇನ್ನೂ ಹಿಡಿದಿರುವಾಗ, ಮುದುಕಿ ಮಂಜು ಕವಿದ ಒಂದು ಗುಡ್ಡದ ಮೇಲೆ ಗುಡಾರ ಹಾಕಿದ ಮರುದಿನ ಬೆಳಿಗ್ಗೆ, ಚಾಚಾ ಹೋದರು. ಅರ್ಧ ದಾರಿಯೂ ಆಗಿರಲಿಲ್ಲ.

ಮೂರನೆಯ ದಿನದ ಜಿಯಾರತ್ ಮುಗಿದ ಮೇಲೆ ನಾನು ಚಾಚಿಯನ್ನು ಕಾಣಲು ಹೋದೆ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಇದ್ದತ್ತಿಗೆ ಅವರು ಕೂತಿದ್ದರು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, ಬದಿಯಿಂದ ಪುಸ್ತಕ ತೆಗೆದು ನನ್ನ ಮಡಿಲಿಗಿಟ್ಟರು.

"ಆ ಮುದುಕಿ ಗುಡ್ಡದ ಮ್ಯಾಲ ಒಬ್ಬಾಕಿನ ನಿಂತಾಳ. ನಡಸು ಆಕೀನ್ನ."

ಜೊತೆಗಿರಲು ಬಂದಿದ್ದ ಚಾಚಾನ ತಂಗಿ ಹೌಹಾರಿದರು. "ಇದೇನು ಭಾಬಿ? ಇದ್ದತ್ ಕುಂತಾಕಿ ಕಥಿ ಪುಸ್ತಕ ಕೇಳೂದೇನು? ಮಂದಿ ಏನಂದಾರು?"

"ನಾ ಹೊಸ್ತಿಲ ದಾಟಬಾರದು. ದಾಟಂಗಿಲ್ಲ" ಎಂದರು ಚಾಚಿ. "ಆಕಿಗೆ ಯಾವ ಇದ್ದತ್ತು?"

ನಾನು ಕಣ್ಣೊರೆಸಿಕೊಂಡು, ತಪ್ಪಿದ ದಿನಗಳದ್ದನ್ನೂ ಕೂಡಿಸಿ ಓದಲೇ ಎಂದು ಕೇಳಿದೆ.

"ಬ್ಯಾಡ. ಒಂದ ದಿನದ್ದು ಓದು. ನಾಳೆ ಬಾ."

ಚಾಚಾನ ತಂಗಿ ಎದ್ದು ಹೋಗಲಿಲ್ಲ, ಅಲ್ಲೇ ಗೋಡೆಗೆ ಒರಗಿ ಕೂತರು. ನಾನು ಪುಸ್ತಕ ತೆರೆದೆ. ಮುದುಕಿ ಮಂಜಿನಲ್ಲೇ ಎದ್ದು, ಒದ್ದೆ ಗುಡಾರ ಮಡಚಿ, ಚೀಲ ಹೆಗಲಿಗೇರಿಸಿ ಹೊರಟಳು.